ಕೆಂಪು ಎಂದೇ ತಿಳಿಯತಕ್ಕದ್ದು

ಈಸ್ಟರ್ ದಿನ ನಸುಕಿನಲ್ಲಿ ಚಿಕ್ಕಜಾಜೂರಿನ ಸಭೆಯವರು ಆರಾಧನೆಗೆಂದು ಬಂದಾಗ ಚರ್ಚಿನ ಬಾಗಿಲು ಒಳಗಿನಿಂದ ಹಾಕಿತ್ತು. ಗಂಟೆಯೂ ಬಾರಿಸಿರಲಿಲ್ಲ. ಬಿಳಿ ಸೀರೆಯುಟ್ಟ ಹೆಂಗಸರು ಮುಂದೆ ನಿಂತು, ಈ ಬಾಗಿಲು ಈಗ ಯಾರು ತೆಗೆಯುತ್ತಾರೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಚಿತ್ರದುರ್ಗದಿಂದ ಬಂದಿದ್ದ ಪಾದ್ರಿ ಅಯ್ಯನವರಿಗೆ ಆ ಮಾತು ಹಬ್ಬದ ಪ್ರಸಂಗಕ್ಕೆ ಒಳ್ಳೆಯ ಆರಂಭ ಅನ್ನಿಸಿತು. ಮೊದಲ ಈಸ್ಟರಿನ ದಿನವೂ ಹೆಂಗಸರು ಹೀಗೇ ಸಮಾಧಿಯ ಮುಂದೆ ನಿಂತು ಕಲ್ಲು ಸರಿಸುವವರು ಯಾರು ಎಂದು ಕೇಳಿಕೊಂಡಿದ್ದರಲ್ಲ. ಅವರು ಬರೆದುಕೊಳ್ಳಲು ಜೇಬಿನಿಂದ ಪೆನ್ನು ತೆಗೆದರು.

ಅಷ್ಟರಲ್ಲಿ ಅಗುಳಿ ಸರಿಯಿತು. ಬಾಗಿಲು ತೆರೆದು ಮಾರಣ್ಣ ಹೊರಗೆ ಬಂದ. ಅವನ ಒಂದು ಕೆನ್ನೆಯ ಮೇಲೆ ಚಾಪೆಯ ಗೀರುಗಳು ಮೂಡಿದ್ದವು. ನೆರೆದಿದ್ದ ಜನವನ್ನು, ಬಿಳಿ ಸೀರೆಗಳನ್ನು, ಕೈಯಲ್ಲಿದ್ದ ಮೇಣದಬತ್ತಿಗಳನ್ನು ನೋಡಿದ.

"ಯಾರು ತೀರ್ಕಂಡ್ರು?" ಎಂದು ಕೇಳಿದ.

ಅಯ್ಯನವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು.

ಮಾರಣ್ಣ ಚರ್ಚಿನ ಗಂಟೆ ಬಾರಿಸುವವನು, ಕಸ ಗುಡಿಸುವವನು, ಎಲ್ಲ ಮುಗಿದ ಮೇಲೆ ಬೀಗ ಹಾಕುವವನು. ಮೊದಲು ಗೂಡ್ಸ್ ಶೆಡ್ಡಿನಲ್ಲಿ ಹಮಾಲಿಯಾಗಿದ್ದ. ದೀಕ್ಷಾಸ್ನಾನದ ದಿನ ಅವನಿಗೆ ಯೋಹಾನ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಮಾರಣ್ಣನಿಗೇ ವಾಪಸಾದರು. ಕುಡಿತ ಬಿಟ್ಟು ಬಹಳ ವರ್ಷವಾಗಿತ್ತು. ಬಿಟ್ಟದ್ದರ ಬಗ್ಗೆ ಪ್ರತಿ ಹೊಸ ವರ್ಷದ ಆರಾಧನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುತ್ತಿದ್ದ. ಸಾಕ್ಷಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು. ಅದರಲ್ಲಿ ಅವನು ಕುಡಿಯುತ್ತಿದ್ದ ಕಾಲದ ಭಾಗವೇ ಹೆಚ್ಚು ಸ್ವಾರಸ್ಯವಾಗಿದೆ ಎಂದು ಸಭೆಯ ಹುಡುಗರು ಹೇಳುತ್ತಿದ್ದರು.

ಆದದ್ದು ಇಷ್ಟು. ಆರಾಧನೆಯಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಕೊಡುವ ಪ್ರಭುಭೋಜನದ ದ್ರಾಕ್ಷಾರಸ ಮಾಡುವವಳು ಶೋಭಾರಾಣಿ, ಸಭೆಯ ಕಾರ್ಯದರ್ಶಿ ಮೋಹನ್‌ಕುಮಾರರ ಹೆಂಡತಿ. ದ್ರಾಕ್ಷಿಗೆ ಸಕ್ಕರೆ ಹಾಕಿ ಕುದಿಸಿ, ಸೋಸಿ, ಬಾಟಲಿಗೆ ತುಂಬಿ ಚರ್ಚಿನ ಬೀರುವಿನಲ್ಲಿ ಇಡುತ್ತಿದ್ದಳು. ಬರೀ ರಸ, ಮಕ್ಕಳೂ ಕುಡಿಯಬಹುದು. ಈ ಸಲ ಬೇಸಿಗೆಯ ಬಿಸಿಲಿಗೆ ಕಬ್ಬಿಣದ ಬೀರು ಒಲೆಯಂತೆ ಕಾದು, ರಸ ತನ್ನಷ್ಟಕ್ಕೆ ಹುಳಿ ಬಂದು ನೊರೆಗಟ್ಟಿತು. ಶನಿವಾರ ಸಂಜೆ ಬೀರು ಒರೆಸುತ್ತಿದ್ದಾಗ ಬಾಟಲಿಯ ಮುಚ್ಚಳ ತಾನಾಗಿಯೇ ಹಾರಿತು ಎಂದು ಮಾರಣ್ಣ ಹೇಳಿದ. ಕೆಟ್ಟಿದೆಯೋ ಹೇಗೆ ಎಂದು ನೋಡಲು ಒಂದು ಗುಟುಕು ಕುಡಿದ. ಒಂದು ಗುಟುಕಿನಲ್ಲಿ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಬಾಟಲಿ ಖಾಲಿಯಾಗಿತ್ತು.

ಹಬ್ಬದ ಪ್ರಭುಭೋಜನಕ್ಕೆ ಸ್ಟೇಷನ್ ಎದುರಿನ ಅಂಗಡಿಯಿಂದ ದ್ರಾಕ್ಷಿ ಸೋಡಾ ತರಿಸಬೇಕಾಯಿತು. ಸಭೆಯ ಖಜಾಂಚಿ ಗಂಗಾಧರಪ್ಪನವರು ಭಕ್ತಿಯಿಂದ ಕುಡಿದು ತಮ್ಮ ಜಾಗಕ್ಕೆ ಮರಳಿ ಮೊಣಕಾಲೂರಿದರು. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿದ್ದಾಗ ತೇಗಿದರು. ಅದಕ್ಕಾಗಿ ಅವರು ಯಾರನ್ನೂ ಕ್ಷಮಿಸಲಿಲ್ಲ.

ಆರಾಧನೆ ಮುಗಿದ ಮೇಲೆ ಅಂಗಳದ ಹೊಂಗೆ ಮರದ ಕೆಳಗೆ ಕಮಿಟಿ ಸೇರಿತು. ಕಮಿಟಿ ಎಂದರೆ ಅಯ್ಯನವರು, ಗಂಗಾಧರಪ್ಪನವರು ಮತ್ತು ಮೋಹನ್‌ಕುಮಾರ್.

"ಕೆಲಸದಿಂದ ತೆಗೀಬೇಕು, ರೂಮೂ ಬಿಡಿಸ್ಬೇಕು," ಎಂದರು ಗಂಗಾಧರಪ್ಪನವರು. "ಇವತ್ತು ದ್ರಾಕ್ಷಾರಸ ಕುಡ್ದ. ನಾಳೆ ಮೈಕ್‌ಸೆಟ್ ಕುಡೀತಾನೆ."

"ಮೈಕ್‌ಸೆಟ್ ಹೆಂಗ್ ಕುಡೀತಾರೆ ಗಂಗಾಧರಪ್ಪನೋರೇ?" ಎಂದರು ಅಯ್ಯನವರು.

"ಮಾರಿ ಕುಡೀತಾರೆ ಅಯ್ಯನೋರೇ. ನಿಮಗೆ ಇವ್ರ ಸಂಗತಿ ಗೊತ್ತಿಲ್ಲ."

ರೂಮು ಎಂದರೆ ಚರ್ಚಿನ ಹಿಂಗೋಡೆಗೆ ಆನಿಸಿ ಕಟ್ಟಿದ ಒಂದು ಕೋಣೆ. ಮಾರಣ್ಣ ಮತ್ತು ಅವನ ಹೆಂಡತಿ ಏಕಾಂತಮ್ಮ ಅಲ್ಲಿಯೇ ಇದ್ದರು. ಏಕಾಂತಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು.

ಅಯ್ಯನವರಿಗೆ ಭರಮಸಾಗರ, ಹೊಸದುರ್ಗ ಎಂದು ಇನ್ನೂ ಬೇರೆ ಸಭೆಗಳಿದ್ದವು. ಒಂದೊಂದು ಊರಲ್ಲಿ ಒಂದೊಂದು ಜಗಳ. ಯಾವ ಜಗಳಕ್ಕೂ ತೀರ್ಪು ಕೊಡದಿದ್ದರೆ ಎಲ್ಲ ಊರಲ್ಲೂ ಊಟ ಹಾಕುತ್ತಾರೆ ಎಂಬುದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು.

"ಸೆಕ್ರೆಟ್ರಿಯೋರೇ, ನೀವು ಹಿರಿಯರು," ಎಂದರು. "ದೇವರ ಚಿತ್ತ ಏನೈತೆ ಅಂತ ಪ್ರಾರ್ಥನೆಯಲ್ಲಿ ಹುಡುಕ್ರಿ. ಮುಂದಿನ ಭಾನುವಾರ ನೀವು ಹೇಳಿದಂಗೇ ಆಗ್ಲಿ." ಹಾಗೆಂದು ಹೆಲ್ಮೆಟ್ ಹಾಕಿಕೊಂಡರು. ಹೆಲ್ಮೆಟ್ ಹಾಕಿಕೊಂಡ ಮೇಲೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

ಈ ಕೆಲಸಕ್ಕೆ ಮೋಹನ್‌ಕುಮಾರ್ ತಕ್ಕ ಮನುಷ್ಯ ಎಂದು ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವರು ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ಮುಂದಿನ ಸ್ಟೇಷನ್ನಿನವನು ದಾರಿ ಖಾಲಿ ಇದೆ ಎಂದು ಲೈನ್ ಕ್ಲಿಯರ್ ಕೊಡುವ ತನಕ ಒಂದು ಟ್ರಾಲಿಯನ್ನೂ ಬಿಟ್ಟವರಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ನಿಯಮವಿತ್ತು. ಸಿಗ್ನಲ್ಲಿನ ದೀಪ ಆರಿದ್ದರೆ, ಮಂಕಾಗಿದ್ದರೆ, ಯಾವ ಬಣ್ಣವೆಂದು ಅನುಮಾನ ಬಂದರೆ ಅದನ್ನು ಕೆಂಪು ಎಂದೇ ತಿಳಿಯತಕ್ಕದ್ದು. ಕೆಳಗಿನವರಿಗೆ ಅವರು ಈ ವಾಕ್ಯವನ್ನು ಹೀಗೇ, ಪುಸ್ತಕದ ಭಾಷೆಯಲ್ಲೇ, ಬಾಯಿಪಾಠ ಮಾಡಿಸುತ್ತಿದ್ದರು. ನಿವೃತ್ತರಾದ ಮೇಲೆ ನಿಯಮಕ್ಕೆ ಬೇರೆ ಕೆಲಸವಿಲ್ಲದೆ ಅದು ಮನೆಗೆ ಬಂತು. ಮಗಳು ಬಿಂದುವಿಗೆ ಬಂದ ಗಂಡುಗಳಲ್ಲಿ ಅನುಮಾನಕ್ಕೆ ಎಡೆಯಿದ್ದವರನ್ನೆಲ್ಲ ಅವರು ಕೆಂಪು ಎಂದು ತಿಳಿದರು. ಕೊನೆಗೆ ಬಿಂದು ತಾನೇ ಒಬ್ಬನನ್ನು ನೋಡಿಕೊಂಡು ಮದುವೆಯಾಗಿ ಹಿರಿಯೂರಿನಲ್ಲಿದ್ದಳು. ಚೆನ್ನಾಗಿಯೇ ಇದ್ದಳು.

ಸೋಮವಾರ ಬೆಳಿಗ್ಗೆ ಮೋಹನ್‌ಕುಮಾರ್ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಕಣ್ಣು ಮುಚ್ಚಿ ಸತ್ಯವೇದ ತೆರೆದರು. ಬೆರಳಿಟ್ಟ ಜಾಗದಲ್ಲಿ ಸೆರೆಯಿಂದ ಊರಿಗೆ ಮರಳಿದವರ ಹೆಸರುಗಳಿದ್ದವು. ಇಂಥವನ ವಂಶದವರು ಇಷ್ಟು ಜನ, ಅಂಥವನ ವಂಶದವರು ಅಷ್ಟು ಜನ ಎಂದು ಎರಡು ಪುಟ. ಅವರು ಎರಡನ್ನೂ ಪೂರ್ತಿ ಓದಿದರು. ಮರಳಿದವರು ಎಂದರೆ ಉಳಿಸಿಕೊಳ್ಳಬೇಕು ಎಂದಿರಬಹುದು. ಮಾರಣ್ಣ ತನ್ನ ಊರಿಗೆ ಮರಳಬೇಕು ಎಂದೂ ಇರಬಹುದು. ಅನುಮಾನ. ಪುಸ್ತಕ ಮುಚ್ಚಿದರು.

ಮಂಗಳವಾರ ಸಭೆಯ ವಾಟ್ಸಾಪ್ ಗುಂಪಿನಲ್ಲಿ, ಒಂದು ಮುಖ್ಯ ವಿಷಯದಲ್ಲಿ ದೇವರ ಚಿತ್ತ ತಿಳಿಯುವಂತೆ ಎಲ್ಲರೂ ಪ್ರಾರ್ಥಿಸಿರಿ ಎಂದು ಬರೆದರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು. ಗಂಗಾಧರಪ್ಪನವರು ಮಾತ್ರ ಬೀಗದ ಚಿತ್ರ ಕಳಿಸಿದರು.

ಬುಧವಾರ ಉಪವಾಸ ಮಾಡಿದರು. ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಹತ್ತಿ ಒಂದು ಕನಸು ಬಿತ್ತು. ಪ್ಲಾಟ್‌ಫಾರ್ಮಿಗೆ ಒಂದು ರೈಲು ಬಂದು ನಿಂತಿತ್ತು. ಅದರ ತುಂಬ ಚಿತ್ರಾನ್ನವಿತ್ತು.

"ಖಾಲಿ ಹೊಟ್ಟೇಲಿ ಮಲಗಿದ್ರೆ ಅಂಥವೇ ಬೀಳೋದು," ಎಂದಳು ಶೋಭಾರಾಣಿ. "ಅಲ್ಲಾರೀ, ಇರ್ಲಿ ಬಿಡು ಅನ್ನೋದಕ್ಕೆ ಇಷ್ಟು ಕಷ್ಟಾನಾ?"

"ನಾನು ಅನ್ನೋದಲ್ಲ ಅದು. ಮೇಲಿಂದ ಬರ್ಬೇಕು."

"ಬರಲಿಲ್ಲ ಅಂದ್ರೆ?"

"ಕೆಂಪು."

"ಕೆಂಪು ಅಂದ್ರೆ ಗಾಡಿ ನಿಂತಲ್ಲೇ ನಿಲ್ಬೇಕು ತಾನೇ? ಅವ್ರೂ ನಿಂತಲ್ಲೇ ಇರ್ಲಿ. ಬೀದಿಗೆ ಕಳಿಸೋದು ಗಾಡಿ ಬಿಟ್ಟಂಗೆ ಆಗಲ್ವಾ?"

ಮೋಹನ್‌ಕುಮಾರರಿಗೆ ಇದು ಹೊಳೆದಿರಲಿಲ್ಲ. ಕಳಿಸುವುದು ಗಾಡಿಯೋ, ಉಳಿಸಿಕೊಳ್ಳುವುದು ಗಾಡಿಯೋ? ಸಂಜೆಯವರೆಗೆ ಯೋಚಿಸಿದರು. ತೆಗೆಯಬೇಕು ಎಂದು ಕಮಿಟಿಯಲ್ಲಿ ಮಾತು ಬಂದಾಗಿದೆ. ಆದ್ದರಿಂದ ತೆಗೆಯುವುದೇ ಈಗಿನ ಸ್ಥಿತಿ, ಉಳಿಸಿಕೊಳ್ಳುವುದು ಚಲನೆ ಎಂದು ತೀರ್ಮಾನಿಸಿದರು. ತೀರ್ಮಾನ ಸರಿಯಾಗಿತ್ತು. ಅದರಿಂದ ಅವರಿಗೆ ಏನೂ ಸಮಾಧಾನವಾಗಲಿಲ್ಲ.

ಗುರುವಾರ ಅವರಿಗೆ ಸತ್ಯವೇದದ ಹಳೆಯ ಒಡಂಬಡಿಕೆಯ ಒಬ್ಬ ರೈತ ನೆನಪಾದ. ದೇವರ ಮಾತಿನಲ್ಲಿ ನಂಬಿಕೆ ಸಾಲದೆ ಅವನು ಕಣದಲ್ಲಿ ಕುರಿಯ ಉಣ್ಣೆ ಹಾಸಿಟ್ಟು, ಬೆಳಿಗ್ಗೆ ಉಣ್ಣೆ ಮಾತ್ರ ಇಬ್ಬನಿಯಲ್ಲಿ ತೊಯ್ದು ಸುತ್ತಲ ನೆಲ ಒಣಗಿರಲಿ ಎಂದು ಕೇಳಿಕೊಂಡಿದ್ದ. ಹಾಗೇ ಆಯಿತು. ಇದು ಮೋಹನ್‌ಕುಮಾರರಿಗೆ ಹಿಡಿಸಿತು. ಒದ್ದೆ ಅಥವಾ ಒಣ, ಎರಡೇ ಬಣ್ಣ. ಅವರು ಹಿಂದಿನ ಬೀದಿಯ ಗಂಗಕ್ಕನ ಮನೆಗೆ ಹೋದರು. ಗಂಗಕ್ಕ ಕುರಿ ಸಾಕುವವಳು. ಬಾಗಿಲಲ್ಲಿ ಕೂತು ಮರಿಯೊಂದರ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

"ಗಂಗಕ್ಕ, ಒಂದು ಕಂಬಳಿ ಬೇಕಿತ್ತು. ನಾಳೆ ವಾಪಸ್ ಕೊಡ್ತೀನಿ."

"ಬರ್ರಿ ಮಾಸ್ಟ್ರೇ, ಕುಂತ್ಕಳ್ರಿ. ಈ ಸೆಕೇಲಿ ಕಂಬ್ಳಿ ಯಾಕೆ? ಜ್ವರಾನಾ?"

"ಜ್ವರ ಅಲ್ಲ. ದೇವರಿಗೆ ಒಂದು ವಿಷಯ ಕೇಳೋದೈತೆ."

"ಹಂಗಾದ್ರೆ ಕರಿ ಕಂಬ್ಳಿನೇ ಕೊಡ್ತೀನಿ," ಎಂದಳು ಗಂಗಕ್ಕ. ಅವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ನಮ್ಮಲ್ಲೂ ಕಂಬ್ಳಿ ಗದ್ದುಗೆ ಹಾಸೇ ದೇವ್ರುನ್ನ ಕರೆಯೋದು. ಬಂದು ಕುಂತ್ಕಂತಾನೆ."

"ನಮ್ಮೋನು ಕುಂತ್ಕಳೋದು ಬ್ಯಾಡ. ಬೆಳಿಗ್ಗೆ ಕಂಬಳಿ ಒದ್ದೆ ಆಗಿರ್ಬೇಕು, ಸುತ್ತ ಒಣಗಿರ್ಬೇಕು."

"ಯಾತರಿಂದ ಒದ್ದೆ?"

"ಇಬ್ಬನಿ."

ಗಂಗಕ್ಕ ಮರಿಯನ್ನು ಕೆಳಗೆ ಬಿಟ್ಟು ಆಕಾಶ ನೋಡಿದಳು. "ಈ ಬಿಸ್ಲುಗಾಲ್ದಾಗೆ ಇಬ್ಬನಿ? ಕಾರ್ತೀಕದಾಗೆ ಕೇಳ್ಬೇಕಿತ್ತು ಮಾಸ್ಟ್ರೇ. ಈಗ ಕೇಳಿದ್ರೆ ನಿಮ್ ದೇವ್ರಿಗೂ ಕಷ್ಟ ಅಲ್ವಾ?" ಕಂಬಳಿ ತಂದು ಕೊಡುವಾಗ ಮತ್ತೆ ಹೇಳಿದಳು: "ನೆಂದ್ರೆ ಒಂದ್ವಾರ ಗಬ್ಬು ವಾಸ್ನೆ ಹೊಡೀತೈತೆ. ಆಮೇಲೆ ನನ್ನ ಬೈಬ್ಯಾಡ್ರಿ."

ಕತ್ತಲಾಗುವ ಮೊದಲೇ ಅವರು ಕಂಬಳಿಯನ್ನು ತಾರಸಿಯ ನಡುವೆ ಹಾಸಿದರು. ನೀರಿನ ಟ್ಯಾಂಕು ಸೋರುತ್ತಿಲ್ಲವೆಂದು ಕೈಯಿಂದ ಒರೆಸಿ ನೋಡಿಕೊಂಡರು. ಒದ್ದೆಯಾದರೆ ಮಾರಣ್ಣ ಉಳಿಯುತ್ತಾನೆ, ಒಣಗಿದ್ದರೆ ಹೋಗುತ್ತಾನೆ ಎಂದು ಸ್ಪಷ್ಟವಾಗಿ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಮೆಟ್ಟಿಲಿಳಿದು ಬಂದು ಹೆಂಡತಿಗೂ ಹೇಳಿದರು.

ಶುಕ್ರವಾರ ಬೆಳಿಗ್ಗೆ ಹತ್ತಿ ನೋಡಿದರೆ ಕಂಬಳಿ ತೊಪ್ಪೆಯಾಗಿತ್ತು. ಸುತ್ತ ತಾರಸಿ ಬೂದಿಯಂತೆ ಒಣಗಿತ್ತು.

ಮೋಹನ್‌ಕುಮಾರ್ ಬಹಳ ಹೊತ್ತು ಅಲ್ಲಾಡದೆ ನಿಂತರು. ತೋಳಿನ ರೋಮ ಎದ್ದಿತು. ಇಷ್ಟು ವರ್ಷ ಪ್ರತಿ ಭಾನುವಾರ ಕೂತೆದ್ದ ಮೇಲೆ ಮೊದಲ ಸಲ ಆ ಕಡೆಯವನು ಉತ್ತರ ಕೊಟ್ಟಿದ್ದ, ಅದೂ ಕೇಳಿದ ಹಾಗೆಯೇ. "ಸ್ತೋತ್ರ," ಎಂದರು. ಬಗ್ಗಿ ಎರಡು ಕೈಯಲ್ಲಿ ಕಂಬಳಿ ಎತ್ತಿದರು. ಕುರಿಯ ಘಾಟು ಮುಖಕ್ಕೆ ಹೊಡೆಯಿತು. ಮಡಿಕೆಯಿಂದ ಏನೋ ಕೆಳಗೆ ಬಿತ್ತು.

ಕರಿಬೇವಿನ ಎಲೆ.

ಇಬ್ಬನಿಯ ಜೊತೆ ಕರಿಬೇವು ಬೀಳುವ ವಿಷಯ ಅವರು ಎಲ್ಲಿಯೂ ಓದಿರಲಿಲ್ಲ.

ಶೋಭಾರಾಣಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಮೋಹನ್‌ಕುಮಾರ್ ಎಲೆಯನ್ನು ಅವಳ ಮುಂದಿಟ್ಟರು.

"ಕಂಬಳಿ ಮೇಲೆ ನೀರು ಹಾಕಿದ್ಯಾ?"

"ಹಾಕ್ದೆ." ತುರಿಯುವುದನ್ನು ಅವಳು ನಿಲ್ಲಿಸಲಿಲ್ಲ.

"ಯಾಕೆ?"

"ಒದ್ದೆ ಆಗ್ಬೇಕು ಅಂದ್ರಲ್ಲ."

"ದೇವರು ಮಾಡ್ಬೇಕಿತ್ತು ಕಣೇ ಅದನ್ನ!"

"ನಾನೂ ಹಂಗೇ ಅನ್ಕಂಡಿದ್ದೆ. ಎದ್ದ ತಕ್ಷಣ ಹೋಗಿ ನೋಡ್ದೆ. ಒಣಗಿತ್ತು. ಯಾರ್ನಾದ್ರೂ ಕಳಿಸ್ಬೇಕು ಅಂತ ನನ್ನೇ ಕಳಿಸಿರ್ಬೋದು, ನಿಮಗೇನು ಗೊತ್ತು?"

"ಸುಳ್ಳು ಲೈನ್ ಕ್ಲಿಯರ್ ಕೊಟ್ಟೋರು ಜೈಲಿಗೆ ಹೋಗ್ತಾರೆ."

"ಹೋಗ್ತೀನಿ, ಬಿಡ್ರಿ." ಅವಳು ಈಗ ಕಾಯಿ ಹೋಳನ್ನು ಕೆಳಗಿಟ್ಟಳು. "ಆ ರಸಾನ ಇನ್ನೊಂದು ಕುದಿ ಕುದಿಸ್ಬೇಕಿತ್ತು ರೀ. ಸಿಲಿಂಡರ್ ಮುಗೀತಾ ಬಂದೈತೆ ಅಂತ ಇಳಿಸ್ಬಿಟ್ಟೆ. ಹುಳಿ ಬರ್ಸಿದೋಳು ನಾನು. ಕುಡ್ದೋನು ಅವ್ನು. ನನ್ನ ಯಾರೂ ಮನೆ ಬಿಡು ಅನ್ನಲಿಲ್ಲ. ಹಬ್ಬದ ದಿನ ಗಂಗಾಧರಪ್ಪನೋರು ಇಲ್ಲೇ ಕುಂತು ಎರಡು ಸಲ ಪಾಯಸ ಹಾಕಿಸ್ಕಂಡ್ರು."

ಮೋಹನ್‌ಕುಮಾರ್ ಮತ್ತೆ ಮೆಟ್ಟಿಲು ಹತ್ತಿದರು. ಕಂಬಳಿ ತಾರಸಿಯ ಮೇಲೆ ವಾಸನೆ ಬಿಡುತ್ತ ಒಣಗುತ್ತಿತ್ತು. ಅದನ್ನು ಇನ್ನೊಂದು ರಾತ್ರಿ ಹಾಸುವಂತಿರಲಿಲ್ಲ. ಅನುಮಾನ ಬಂದಾಗಿತ್ತು. ಅನುಮಾನ ಬಂದರೆ ಏನೆಂದು ಅವರಿಗೆ ಗೊತ್ತಿತ್ತು.

ಹೇಳಬೇಕಾದ್ದನ್ನು ಭಾನುವಾರದ ತನಕ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ. ಶನಿವಾರ ಸಂಜೆ ಅವರು ಚರ್ಚಿನ ಹಿಂದಿನ ಕೋಣೆಗೆ ಹೋದರು. ಬಾಗಿಲು ತೆರೆದಿತ್ತು. ಏಕಾಂತಮ್ಮ ಹೊರಗಿನ ನಲ್ಲಿಯಿಂದ ಕೊಡ ತುಂಬಿಕೊಂಡು, ಎಡಗೈಯ ಬೆರಳನ್ನು ಗೋಡೆಗೆ ತಾಗಿಯೂ ತಾಗದಂತೆ ಆಡಿಸುತ್ತ ಬಂದು, ಒಂದು ಹನಿ ಚೆಲ್ಲದೆ ಹೊಸಿಲು ದಾಟಿದಳು. ಕೊಡ ಇಳಿಸಿ ನಿಂತಳು.

"ಮಾಸ್ಟ್ರು ಬಂದೀರಾ? ಬೂಟಿನ ಸದ್ದು ಅನ್ಕಂಡೆ. ಬರ್ರಿ ಸಾ. ಈ ಮನುಷ್ಯ ಬಸ್ಸಿನ ಟೈಮು ಕೇಳಕ್ಕೆ ಹೋಗ್ಯಾನೆ. ಬರ್ತಾನೆ."

ಮೂಲೆಯಲ್ಲಿ ಆಗಲೇ ಗಂಟುಮೂಟೆ ಕಟ್ಟಿತ್ತು. ಎರಡು ಗೋಣಿಚೀಲ, ಒಂದು ಸೀರೆಯ ಗಂಟು, ಚಾಪೆ. ಒಲೆಯ ಹತ್ತಿರ ಒಂದಷ್ಟು ಡಬ್ಬಿಗಳು ಮಾತ್ರ ಉಳಿದಿದ್ದವು.

"ಕಟ್ಟಿಟ್ಟಿದ್ದೀರಲ್ಲ," ಎಂದರು ಮೋಹನ್‌ಕುಮಾರ್.

"ಗಂಗಾಧರಪ್ಪನೋರು ಹೇಳಿ ಹೋದ್ರು. ನಾಳೆ ಪೂಜೆ ಮುಗಿದ್ಮೇಲೆ ಹೋಗೋದು. ಆದಿವಾಲದಾಗೆ ನನ್ ತಂಗಿ ಮಗ ಅವ್ನೆ. ಕುಂತ್ಕಳ್ರಿ, ಟೀ ಮಾಡ್ತೀನಿ."

ಬೇಡವೆಂದು ಹೇಳುವಷ್ಟರಲ್ಲಿ ಒಲೆ ಹತ್ತಿತ್ತು. ಬೆಂಕಿಪೊಟ್ಟಣ ಗೂಡಿನ ಬಲತುದಿಯಲ್ಲಿತ್ತು, ಅವಳ ಕೈ ನೇರ ಅಲ್ಲಿಗೇ ಹೋಯಿತು. ಟೀಪುಡಿ, ಸಕ್ಕರೆ, ಇಕ್ಕಳ, ಎಲ್ಲಕ್ಕೂ ಕೈ ಹಾಗೇ ಹೋಗಿ ಹಾಗೇ ಬಂತು. ತಾವು ಡ್ಯೂಟಿಯಲ್ಲಿದ್ದಾಗ ಮೇಜಿನ ಮೇಲೆ ನೋಡದೆಯೇ ಫೋನು ಎತ್ತಿಕೊಳ್ಳುತ್ತಿದ್ದದ್ದು ಮೋಹನ್‌ಕುಮಾರರಿಗೆ ನೆನಪಾಯಿತು.

"ತಂಗಿ ಸೊಸೆ ಒಳ್ಳೇಳು ಸಾ," ಎಂದಳು ಏಕಾಂತಮ್ಮ. "ನೀನು ಕುಂತಲ್ಲೇ ಕುಂತಿರು ದೊಡ್ಡಮ್ಮ, ಊಟ ತಂದು ಕೈಗೆ ಕೊಡ್ತೀನಿ, ಎದ್ದು ಬಿದ್ದುಗಿದ್ದು ಮಾಡ್ಕಬ್ಯಾಡ ಅಂತ ಫೋನಿನಾಗೆ ಅಂದ್ಳು."

"ಒಳ್ಳೇದೇ ಆಯ್ತಲ್ಲ."

"ಹೂಂ." ಅವಳು ಟೀ ಸೋಸಿದಳು. "ಇಲ್ಲಿ ನಾನು ನೀರು ತರ್ತೀನಿ. ಅಡಿಗೆ ಮಾಡ್ತೀನಿ. ನಿಮ್ ಚರ್ಚಿನ ಬೆಂಚು ಅಷ್ಟೂ ನಾನೇ ಒರೆಸೋದು, ಇವ್ನು ಮೇಲ್ಮೇಲೆ ಗುಡಿಸ್ತಾನೆ. ಅಲ್ಲಿ ಕುಂತಿರ್ತೀನಿ."

ಲೋಟ ಅವರ ಕೈಗೆ ಬಂತು. ಸಕ್ಕರೆ ಸರಿಯಾಗಿತ್ತು.

"ಸಾ, ದೇವ್ರು ಏನಂದ?"

"ಇನ್ನೂ ಏನೂ ಅಂದಿಲ್ಲ ಏಕಾಂತಮ್ಮ."

"ಪಾಪ, ಅವ್ನಿಗೂ ಕೆಲಸ ಇರ್ತಾವೆ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನೀವೇನಂತೀರಿ?"

ಮೋಹನ್‌ಕುಮಾರ್ ಬಾಯಿ ತೆರೆದರು. ಈ ವಾರವೆಲ್ಲ ಯಾರೂ ಅವರನ್ನು ಇದನ್ನು ಕೇಳಿರಲಿಲ್ಲ. ಅವರೂ ಕೇಳಿಕೊಂಡಿರಲಿಲ್ಲ. ಹುಡುಕಿದರೆ ಒಳಗೆ ಏನಾದರೂ ಸಿಗುತ್ತದೋ ಎಂದು ಒಂದು ಕ್ಷಣ ಕಾದರು. ಬಾಯಿ ಮುಚ್ಚಿ ಟೀ ಕುಡಿದರು.

ಮಾರಣ್ಣ ಬಂದ. ಮೋಹನ್‌ಕುಮಾರರನ್ನು ನೋಡಿ ತಲೆಗೆ ಸುತ್ತಿದ್ದ ಟವೆಲ್ ತೆಗೆದ.

"ಸಾ, ನಂದೇ ತಪ್ಪು. ಇನ್ನು ಮುಂದೆ ಹೊಸ ವರ್ಷದಾಗೆ ನನ್ನ ಎಬ್ಬಿಸಿ ನಿಲ್ಲಿಸ್ಬ್ಯಾಡ್ರಿ. ಹೆಂಗೂ ಇರಲ್ಲ, ಆದ್ರೂ ಹೇಳ್ತೀನಿ." ಆಮೇಲೆ ಹೇಳಿದ: "ಗಂಟೆಗೆ ಹೊಸ ಹಗ್ಗ ಕಟ್ಟೀನಿ. ಹಳೇದು ಕೈ ಕೊಯ್ತಿತ್ತು. ಬರೋನಿಗೆ ಕಷ್ಟ ಆಗ್ಬಾರ್ದು."

"ಅವ್ನು ಯಾರೋ ಏನೋ," ಎಂದಳು ಏಕಾಂತಮ್ಮ. "ಅವ್ನಿಗೆ ಹಗ್ಗ ಕಟ್ಟಿ ಕೊಡ್ತಾನೆ ನೋಡ್ರಿ. ನಂಗೊಂದು ಕೊಡ ತಂದು ಕೊಡು ಅಂದ್ರೆ ಸೊಂಟ ನೋವು."

ಮೋಹನ್‌ಕುಮಾರ್ ಲೋಟ ಕೆಳಗಿಟ್ಟು, ಹೇಳಲು ಬಂದದ್ದನ್ನು ಹೇಳದೆ ಎದ್ದು ಹೋದರು.

ಭಾನುವಾರ ಅಯ್ಯನವರ ಬೈಕು ಹೊಳಲ್ಕೆರೆ ದಾರಿಯಿಂದ ಬಂದು ಅಂಗಳದಲ್ಲಿ ನಿಂತಾಗ ಮೋಹನ್‌ಕುಮಾರ್ ಚರ್ಚಿನ ಮೆಟ್ಟಿಲ ಹತ್ತಿರ ನಿಂತಿದ್ದರು. ಗಂಗಾಧರಪ್ಪನವರು ಹೊಸ ಬೀಗವೊಂದನ್ನು ಡಬ್ಬಿಯ ಸಮೇತ ತಂದಿದ್ದರು. ಸ್ವಲ್ಪ ದೂರದಲ್ಲಿ ಮಾರಣ್ಣ ಗಂಟೆಯ ಹಗ್ಗ ಹಿಡಿದು, ಬಾರಿಸಲೋ ಬೇಡವೋ ಎಂದು ಇತ್ತ ನೋಡುತ್ತಿದ್ದ.

"ಏನಾಯ್ತು ಸೆಕ್ರೆಟ್ರಿಯೋರೇ? ದೇವರು ಮಾತಾಡಿದ್ರಾ?"

"ಇಲ್ಲ ಅಯ್ಯನೋರೇ."

"ಏನೂ ಇಲ್ವಾ?"

"ಒಂದ್ಸಲ ಮಾತಾಡಿದಂಗಾಯ್ತು. ನೋಡಿದ್ರೆ ಅದು ನನ್ನ ಹೆಂಡ್ತಿ."

"ಹಂಗಾದ್ರೆ ಕೆಂಪು," ಎಂದರು ಗಂಗಾಧರಪ್ಪನವರು. ಡಬ್ಬಿಯಿಂದ ಬೀಗ ತೆಗೆದು ಕೀಲಿ ಹಾಕಿ ನೋಡಿದರು. "ನೀವೇ ಯಾವಾಗ್ಲೂ ಹೇಳ್ತೀರಲ್ಲ."

"ಹೌದು, ಕೆಂಪೇ," ಎಂದರು ಮೋಹನ್‌ಕುಮಾರ್. "ಆದ್ರೂ ಅವ್ರು ಇಲ್ಲೇ ಇರ್ತಾರೆ."

"ಯಾರ ಅಪ್ಪಣೆ?"

"ಯಾರ್ದೂ ಇಲ್ಲ. ನಾನು ಹೇಳ್ತಿದೀನಿ."

"ದೇವರ ಚಿತ್ತ ಗೊತ್ತಾಗಿಲ್ಲ ಅಂತೀರಿ, ಮತ್ತೆ ಇರ್ತಾರೆ ಅಂತೀರಿ! ನಾಳೆ ಅವ್ನು ಮತ್ತೆ ಕುಡ್ದು ಬಿದ್ರೆ?"

"ಬೀಳ್ಬೋದು."

"ಆಗ ಯಾರು ಹೊಣೆ?"

"ನನ್ನ ಹೆಸರಿಗೆ ಬರ್ಕಳ್ರಿ. ದೇವರೇ ಬಂದು ಕೇಳಿದ್ರೂ ನಾನೇ ಹೇಳ್ತೀನಿ, ಸಿಗ್ನಲ್ ಇಲ್ದೆ ಬಿಟ್ಟೆ ಅಂತ." ಅವರು ಮೆಟ್ಟಿಲ ಮೇಲೆ ಕೂತರು. ಇಸ್ತ್ರಿಯ ಪ್ಯಾಂಟಿಗೆ ಧೂಳಾಯಿತು. ಒಂದು ಅಪಘಾತದ ಸದ್ದಿಗಾಗಿ ಅವರ ಕಿವಿ ತಾನಾಗಿಯೇ ಕಾಯುತ್ತಿತ್ತು. ಹೊಂಗೆ ಮರದಲ್ಲಿ ಗುಬ್ಬಿಗಳು ಕೂಗುತ್ತಿದ್ದವು, ಅಷ್ಟೇ.

ಅಯ್ಯನವರು ಅವರನ್ನೇ ನೋಡುತ್ತಿದ್ದರು. ಏನೋ ದೊಡ್ಡ ಮಾತು ಹೇಳುವವರಂತೆ ಕಂಡರು. ಆದರೆ ಹೆಲ್ಮೆಟ್ ತೆಗೆದು ಬೈಕಿನ ಕನ್ನಡಿಗೆ ನೇತುಹಾಕಿ, "ಮಾರಣ್ಣ, ಗಂಟೆ ಬಾರ್ಸಪ್ಪ, ಹೊತ್ತಾಯ್ತು," ಎಂದರು.

ಮಾರಣ್ಣ ಬಾರಿಸಿದ. ನಿಲ್ಲಿಸಬೇಕಾದ ಹೊತ್ತು ಮೀರಿದ ಮೇಲೂ ಬಾರಿಸುತ್ತಿದ್ದ. ಕೊನೆಗೆ ಶೋಭಾರಾಣಿ ಹೋಗಿ ಹಗ್ಗ ಕಸಿದುಕೊಂಡಳು.

ಅಂಗಡಿಯವನು ಬೀಗ ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಗಂಗಾಧರಪ್ಪನವರು ಅದನ್ನು ಬೀರುವಿಗೆ ಹಾಕಿದರು. ಕೀಲಿಯನ್ನು ತಾವೇ ಇಟ್ಟುಕೊಂಡರು. ದ್ರಾಕ್ಷಾರಸ ಇನ್ನು ಮೇಲೆ ತನ್ನ ಮನೆಯ ಫ್ರಿಜ್ಜಿನಲ್ಲಿರುತ್ತದೆ ಎಂದು ಶೋಭಾರಾಣಿ ಅವರಿಗೆ ಹೇಳಲು ಹೋಗಲಿಲ್ಲ.

ಆರಾಧನೆ ಮುಗಿದು ಜನ ಕರಗಿದ ಮೇಲೆ ಮೋಹನ್‌ಕುಮಾರ್ ಹಿಂದಿನ ಕೋಣೆಗೆ ಹೋದರು. ಗಂಟುಗಳು ಹೊಸಿಲ ಹೊರಗೆ ಇದ್ದವು. ಒಂದು ಕಡೆಯಿಂದ ಎತ್ತಿ ಒಳಗೆ ತಂದರು. ಗೋಣಿಚೀಲ ಬಿಚ್ಚಿದರು. ಪಾತ್ರೆಗಳನ್ನು ಗಾತ್ರದ ಪ್ರಕಾರ ಜೋಡಿಸಿದರು. ಡಬ್ಬಿಗಳನ್ನು ಗೂಡಿನಲ್ಲಿ ಸಾಲಾಗಿ, ಮುಚ್ಚಳದ ಬಣ್ಣ ನೋಡಿ ಇಟ್ಟರು. ಕೊಡವನ್ನು ಕಿಟಕಿಯ ಕೆಳಗಿಟ್ಟರು, ಅಲ್ಲಿ ತಂಪಿತ್ತು. ನಿಂತು ನೋಡಿದರು. ಅಚ್ಚುಕಟ್ಟಾಗಿತ್ತು.

ಏಕಾಂತಮ್ಮ ಬೆಂಚು ಒರೆಸಿ ಬಂದು ಹೊಸಿಲು ದಾಟಿ ಬಲಕ್ಕೆ ಕೈ ಚಾಚಿದಳು. ಕೈಗೆ ಗೋಡೆ ಸಿಕ್ಕಿತು. ಒಂದು ಹೆಜ್ಜೆ ಇಟ್ಟು ಮತ್ತೆ ಚಾಚಿದಳು. ಕೊಡ ಕಾಲಿಗೆ ತಾಗಿ ಉರುಳಿತು. ಅವಳು ನಿಂತುಬಿಟ್ಟಳು. ಎರಡು ಕೈಗಳನ್ನೂ ಮುಂದೆ ಹಿಡಿದು, ಬೇರೆ ಯಾರದೋ ಮನೆಗೆ ಬಂದವಳಂತೆ ಮುಖವನ್ನು ಅತ್ತಿತ್ತ ಆಡಿಸಿದಳು.

"ಯಾರು ಇಟ್ಟಿದ್ದು ಇದ್ನೆಲ್ಲ?"

"ನಾನು," ಎಂದರು ಮೋಹನ್‌ಕುಮಾರ್.

"ಉಪ್ಪು ಎಲ್ಲಿಟ್ರಿ ಸಾ?"

"ಮೇಲಿನ ಸಾಲಲ್ಲಿ. ನೀಲಿ ಮುಚ್ಚಳ." ಹೇಳಿದ ಮೇಲೆ ಅವರಿಗೆ ಗೊತ್ತಾಯಿತು.

"ಒಂದೊಂದೇ ತೆಗೀರಿ," ಎಂದಳು ಏಕಾಂತಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಉಪ್ಪು ಮೊದ್ಲು. ಕೆಳಗಿನ ಗೂಡಿನಾಗೆ, ಎಡಕ್ಕೆ. ಇನ್ನಾ ಎಡಕ್ಕೆ. ನಿಮ್ ಎಡ ಅಲ್ಲ ಸಾ, ನನ್ ಎಡ."

ಮೋಹನ್‌ಕುಮಾರ್ ಅವಳ ಪಕ್ಕಕ್ಕೆ ಹೋಗಿ, ಅವಳ ಹಾಗೆ ಬಾಗಿಲಿಗೆ ಬೆನ್ನು ಮಾಡಿ ನಿಂತು, ಎಡ ಯಾವುದೆಂದು ನೋಡಿಕೊಂಡರು. ಹೋಗಿ ಡಬ್ಬಿ ಸರಿಸಿದರು. ಅವಳು ಬಂದು ಮುಟ್ಟಿ ನೋಡಿ, ಒಂದು ಬೆರಳಿನಷ್ಟು ಜರುಗಿಸಿ, "ಹೂಂ," ಎಂದಳು. ಆಮೇಲೆ ಖಾರದಪುಡಿ. ಆಮೇಲೆ ಬೆಂಕಿಪೊಟ್ಟಣ. ಕೊಡವನ್ನು ಅವರು ಒಂದಕ್ಕಿಂತ ಹೆಚ್ಚು ಸಲ ಎತ್ತಿ ಇಳಿಸಬೇಕಾಯಿತು.

"ಏನ್ರೀ, ಊಟಕ್ಕೆ ಬರ್ತೀರೋ ಇಲ್ವೋ?" ಎಂದು ಶೋಭಾರಾಣಿ ಅಂಗಳದಿಂದ ಕೂಗಿದಳು. "ಅಯ್ಯನೋರು ಆಗ್ಲೇ ಕುಂತವ್ರೆ!"

"ಇನ್ನೂ ಸಕ್ರೆ ಡಬ್ಬಿ ಐತೆ ಶೋಭಕ್ಕಾ," ಎಂದು ಒಳಗಿನಿಂದ ಏಕಾಂತಮ್ಮನೇ ಉತ್ತರ ಕೊಟ್ಟಳು.

ಮೋಹನ್‌ಕುಮಾರ್ ಬಗ್ಗಿ, ಸಕ್ಕರೆ ಡಬ್ಬಿಗಾಗಿ ಇನ್ನೂ ಉಳಿದಿದ್ದ ಸೀರೆಯ ಗಂಟು ಬಿಚ್ಚಿದರು.